ಆರು ಮಾವಿನ ಮರಗಳ ವಯಸ್ಸು

ಜನವರಿ 11, 2005, ಮಂಗಳವಾರ

ಇವತ್ತಿನಿಂದ ನನ್ನ ಕೆಲಸ ಮರ ಅಳೆಯುವುದು. ಅಕ್ಕನ ಗಂಡ ಶಿವಾನಂದ ಮಾಮಾ ಬೆಳಿಗ್ಗೆ ಚಹಾ ಕುಡಿಯುತ್ತ ಒಂದು ಟೇಪನ್ನು ನನ್ನ ಮುಂದಿಟ್ಟು, "ಹಿಡಿ, ಇದು ನಿನ್ನ ನೌಕರಿ" ಅಂದರು. ಸಪ್ನಕ್ಕ ಒಲೆಯ ಹತ್ತಿರದಿಂದಲೇ ಸೇರಿಸಿದಳು: "ಛಲೋ ಆತು. ಇದಕ್ಕ ಕೈ ಅಷ್ಟ ಬೇಕು, ಬಾಯಿ ಬೇಕಿಲ್ಲ."

ಅವಳು ಹಾಗೆ ಹೇಳುವುದಕ್ಕೆ ಕಾರಣವಿದೆ. ನಾನು ಹೈದರಾಬಾದಿಗೆ ಬಂದು ಒಂದೂವರೆ ವರ್ಷವಾಯಿತು. ಮೊಬೈಲ್ ಅಂಗಡಿಯಲ್ಲಿದ್ದಾಗ, ಆ ಚಾರ್ಜರ್ ಡೂಪ್ಲಿಕೇಟ್ ಎಂದು ಗಿರಾಕಿಗೆ ಹೇಳಿದೆ. ಅದೇ ಸಂಜೆ ಬಿಡಿಸಿದರು. ಕಾಲ್ ಸೆಂಟರಿನವರನ್ನು ಒಯ್ಯುವ ಗಾಡಿಗಳ ಟ್ರಿಪ್ ಬರೆಯುವ ಕೆಲಸ ಸಿಕ್ಕಿತು. ಓಡದ ಟ್ರಿಪ್ಪನ್ನು ಬರೆಯಲಿಲ್ಲ, ಅದೂ ಹೋಯಿತು. ಬೀದರಿನಲ್ಲಿ ಹತ್ತನೇ ತರಗತಿ ಬಿಟ್ಟದ್ದೂ ಇದೇ ಕಥೆ. ತಪಾಸಣೆಗೆ ಬಂದ ಸಾಹೇಬರು "ಪ್ರಯೋಗಾಲಯ ಇದೆಯಾ?" ಎಂದು ಕೇಳಿದಾಗ ಇಡೀ ತರಗತಿ "ಇದೆ" ಅಂದಿತು. ನಾನೊಬ್ಬ "ಇಲ್ಲ" ಅಂದೆ. ಇರಲಿಲ್ಲ, ಅದಕ್ಕೆ ಇಲ್ಲ ಅಂದೆ.

ಮಾಮಾ ಕೃಷಿ ಡಿಪ್ಲೊಮಾ ಮಾಡಿದವರು. ಜಮೀನು ಕೈ ಬದಲಾಯಿಸುವಾಗ ಅದರ ಮೇಲಿರುವ ಮರಗಳಿಗೆ ಬೆಲೆ ಕಟ್ಟಿ ಬರೆದುಕೊಡುತ್ತಾರೆ. ಈಗ ಲಿಂಗಂಪಲ್ಲಿಯ ಆಚೆ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳು ಜಾಗ ಕೊಳ್ಳುತ್ತಿವೆ. ಆದರೂ ಮಾಮಾಗೆ ಇಂಥ ದೊಡ್ಡ ಕೆಲಸ ಸಿಕ್ಕಿರುವುದು ಇದೇ ಮೊದಲು.

ಪುಣೆಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಮಾರ್ಚ್ ಹೊತ್ತಿಗೆ ಬಾ, ಏನಾದರೂ ನೋಡೋಣ ಅಂದಿದ್ದಾನೆ. ಅಲ್ಲಿಯವರೆಗೆ ಇದು.

ಜನವರಿ 12, ಬುಧವಾರ

ತೋಟ ಪಟಾನ್‌ಚೆರು ದಾರಿಯಲ್ಲಿದೆ. ಒಂದು ಪಕ್ಕದಲ್ಲಿ ಆಗಲೇ ಗಾಜಿನ ಕಟ್ಟಡ ಏಳುತ್ತಿದೆ. ಇನ್ನೊಂದು ಪಕ್ಕದಲ್ಲಿ ಮುಳ್ಳುಕಂಟಿ.

ವಿಷಯ ಹೀಗಿದೆ. ನೆಲ ಗುರುಸಿದ್ದಪ್ಪ ಸಾಹುಕಾರರದು. ಅಬಿಡ್ಸ್‌ನಲ್ಲಿ ಅವರಿಗೆ ನೋಟ್‌ಬುಕ್ಕು, ರಿಜಿಸ್ಟರುಗಳ ಅಂಗಡಿ ಇದೆ. ತೋಟ ನೋಡಿಕೊಂಡು ಅಲ್ಲೇ ಇರುವವರು ಬಂಡೆಪ್ಪ ಮತ್ತು ಅವರ ಹೆಂಡತಿ ಸುಂದರಾಬಾಯಿ, ನಮ್ಮ ಬೀದರ್ ಕಡೆಯವರೇ. ಇಪ್ಪತ್ತಾರು ವರ್ಷದ ಹಿಂದೆ ಬಂದಾಗ ಸಾಹುಕಾರರ ತಂದೆಯ ಜೊತೆ ಕರಾರಾಗಿತ್ತು: ನೆಲ ಅವರದು, ಇವರು ನೆಟ್ಟ ಗಿಡ ಇವರದು. ಮೊದಲಿನಿಂದ ಇದ್ದ ಗಿಡ ಅವರದೇ. ಈಗ ಸಾಹುಕಾರರು ನೆಲವನ್ನು ಕಂಪನಿಗೆ ಮಾರುತ್ತಿದ್ದಾರೆ. ಮರಗಳಿಗೆ ಕಂಪನಿ ಬೇರೆಯಾಗಿ ದುಡ್ಡು ಕೊಡುತ್ತದೆ. ಬಂಡೆಪ್ಪನವರಿಗೆ ಸಿಗುವುದೆಲ್ಲ ಆ ಮರಗಳ ಬೆಲೆ ಮಾತ್ರ. ಅದಕ್ಕೇ ಎರಡೂ ಕಡೆಯವರು ಸೇರಿ ಮಾಮಾನನ್ನು ಒಪ್ಪಿದ್ದಾರೆ.

ಕೆಲಸದ ಪದ್ಧತಿ ಸುಲಭ. ನಾನು ಎದೆಮಟ್ಟದಲ್ಲಿ ಟೇಪು ಸುತ್ತಿ ಅಂಕಿ ಕೂಗುತ್ತೇನೆ, ಮಾಮಾ ಅದನ್ನೇ ಮತ್ತೆ ಕೂಗಿ ಬರೆಯುತ್ತಾರೆ. ಸುತ್ತಳತೆಯಿಂದ ಕಟ್ಟಿಗೆ ಎಷ್ಟೆಂದು ಗೊತ್ತಾಗುತ್ತದೆ, ವಯಸ್ಸಿನ ಅಂದಾಜೂ ಸಿಗುತ್ತದೆ. ಹಣ್ಣಿನ ಬೆಲೆಗೆ ವರ್ಷದ ಫಸಲು ಎಷ್ಟು, ಮರ ಇನ್ನೆಷ್ಟು ವರ್ಷ ಕಾಯಿ ಬಿಡುತ್ತದೆ ಎಂದು ನೋಡಬೇಕು.

ಪೇರಲ, ಸೀತಾಫಲ, ಸಣ್ಣ ಮಾವು ಎಲ್ಲ ಬೇಗ ಮುಗಿದವು. ಬಾವಿಯ ಹತ್ತಿರ ಆರು ದೊಡ್ಡ ಮಾವಿನ ಮರಗಳಿವೆ. ಟೇಪು ಸುತ್ತಲು ನನ್ನೆರಡು ಕೈ ಸಾಲಲಿಲ್ಲ. ಅಂಕಿ ಕೂಗಿದಾಗ ಮಾಮಾ ಕೂಡಲೇ ತಿರುಗಿ ಕೂಗಲಿಲ್ಲ, ಒಮ್ಮೆ ಮರವನ್ನು ನೋಡಿದರು.

"ಇವೂ ನೀವ ಹಚ್ಚಿದ್ವೇನ್ರಿ ಬಾಯಾರ?"

"ಮತ್ಯಾರು ಹಚ್ಚತಾರ್ರಿ? ಎಲ್ಲಾ ನಾವ ಹಚ್ಚಿದ್ದು" ಅಂದರು ಸುಂದರಾಬಾಯಿ. ಮಾತು ಮುಗಿಯುವ ಮೊದಲೇ ನಮಗೆ ಮಜ್ಜಿಗೆ ತರಲು ಗುಡಿಸಲ ಕಡೆ ಹೊರಟರು. ಬಂಡೆಪ್ಪ ಬಾವಿಯ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದರು. ಇಡೀ ದಿನ ಒಂದು ಮಾತೂ ಆಡಲಿಲ್ಲ.

ಸಣ್ಣ ಮಾವಿನ ಮರಗಳ ಬುಡದಲ್ಲೆಲ್ಲ ಕಲಮು ಕಟ್ಟಿದ, ಅಂದರೆ ಕಸಿ ಮಾಡಿದ, ಗಂಟು ಕಾಣುತ್ತದೆ. ಈ ಆರರ ಬುಡದಲ್ಲಿ ಗಂಟಿಲ್ಲ. ಹಳೆಯ ಕಾಲದ ಮರಗಳ ಹಾಗೆ ಬೀಜದಿಂದ ಸೀದಾ ಎದ್ದಿವೆ. ಮಾಮಾ ವಯಸ್ಸಿನ ಮುಂದೆ ಇಪ್ಪತ್ತಾರು ಎಂದು ಬರೆದರು.

ಮಜ್ಜಿಗೆಗೆ ಶುಂಠಿ ಹಾಕಿದ್ದರು. ಪಟಾನ್‌ಚೆರುವಿನಲ್ಲಿ ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದಾರಂತೆ. "ಒಂದರಾಗ ನಾವು, ಇನ್ನೊಂದರ ಬಾಗಿಲು ರಸ್ತಾಕ್ಕ ಐತಿ, ಹಣ್ಣಿನ ಅಂಗಡಿ ಇಡತೀವಿ" ಅಂದರು ಸುಂದರಾಬಾಯಿ. ಅಷ್ಟು ಹೇಳುವಾಗ ಅವರ ಮುಖ ಬಹಳ ಚಂದ ಕಂಡಿತು.

ಜನವರಿ 15, ಶನಿವಾರ

ಸಂಕ್ರಾಂತಿಗೆ ಅಕ್ಕ ಮಾಡಿದ ಸಿಹಿ ಮಾದಲಿ ಇನ್ನೂ ಡಬ್ಬಿಯಲ್ಲಿದೆ. ನಾನು ಮುಟ್ಟಿಲ್ಲ. ಮಾಮಾನನ್ನು ಕೇಳಿಯೇಬಿಟ್ಟೆ.

"ಆ ಆರು ಗಿಡ ಇಪ್ಪತ್ತಾರು ವರ್ಷದ್ದು ಅನಸ್ತದೇನ್ರಿ ಮಾಮಾ?"

"ಅಂದಾಜು, ಶಾಂತು."

"ಅಂದಾಜು ಅಂದ್ರ ಸುಳ್ಳು ಬರಿಬಹುದೇನ್ರಿ?"

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಅಂದಾಜು ಅಂದ್ರ, ನನಗ ಪೂರಾ ಗೊತ್ತಿಲ್ಲ ಅಂತ ಒಪ್ಪಿಕೊಂಡು ಒಂದು ಅಂಕಿ ಬರಿಯೋದು. ಆಕಿ ಹಚ್ಚೀವಿ ಅಂತಾಳ. ಸಾಹುಕಾರ ಇಲ್ಲ ಅಂದಿಲ್ಲ. ನಡುವ ನಾ ಯಾಕ ಇಲ್ಲ ಅನ್ನಲಿ?"

ಇದು ಬುದ್ಧಿವಂತರ ಮಾತು. ನನಗೆ ಮರದ ಬುಡವೇ ಕಣ್ಣ ಮುಂದೆ ಬರುತ್ತದೆ. ಗಂಟಿಲ್ಲ. ನಲವತ್ತಕ್ಕೆ ಕಡಿಮೆ ಇಲ್ಲ.

ಪುಣೆಗೆ ರೈಲು ಎಷ್ಟು ಗಂಟೆಗೆ ಎಂದು ವಿಚಾರಿಸಿದೆ.

ಜನವರಿ 19, ಬುಧವಾರ

ಅಳತೆಯ ಪ್ರತಿಯನ್ನು ಸಾಹುಕಾರರಿಗೆ ಕೊಟ್ಟು ಬರಲು ಮಾಮಾ ನನ್ನನ್ನು ಅಬಿಡ್ಸ್‌ಗೆ ಕಳಿಸಿದರು. ಗುರುಸಿದ್ದಪ್ಪ ಸಾಹುಕಾರರು ನಾನು ಎಣಿಸಿದಂತಿಲ್ಲ. ದುಂಡಗಿದ್ದಾರೆ, ನಗುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲು ಎಳೆದು ಕೂರಿಸಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದರು.

"ಬೀದರಿನಾಂವ ಏನು? ಛಲೋ. ಸಾಲಿ ಎಷ್ಟು ಕಲ್ತಿ?"

"ಹತ್ತನೇತ್ತಾ ಬಿಟ್ಟೀನ್ರಿ."

"ನಾನೂ ಅಷ್ಟ! ನೋಡು, ಸಾಲಿ ಬಿಟ್ಟು ನೋಟ್‌ಬುಕ್ಕ ಮಾರಾಕತ್ತೀನಿ." ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಕಾಗದ ತಿರುಗಿಸುತ್ತ, ನನಗೆ ಕೇಳಿಸಲೆಂದೂ ಅಲ್ಲ, ಸುಮ್ಮನೆ ಅಂದರು: "ಅಂದ್ರ ನಮ್ಮಪ್ಪ ಹಚ್ಚಿದ ಗಿಡ ಒಂದೂ ಉಳಿದಿಲ್ಲ ಅಲ್ಲಿ. ಎಲ್ಲಾ ಇಪ್ಪತ್ತಾರರ ಒಳಗಿನವು. ಹೌದಲ್ಲಪಾ?"

ಹೌದು ಅಂದಿದ್ದರೆ ಆಗುತ್ತಿತ್ತು. ಸುಮ್ಮನೆ ಚಹಾ ಕುಡಿದಿದ್ದರೂ ಆಗುತ್ತಿತ್ತು.

"ಬಾವಿ ಹತ್ರದ ಆರು ಗಿಡ ನಲವತ್ತರ ಮ್ಯಾಲಿನವು ಅನಸ್ತದ್ರಿ" ಅಂದೆ. "ಬುಡದಾಗ ಕಲಮಿನ ಗಂಟಿಲ್ಲ."

ಅವರ ನಗು ಹೋಗಲಿಲ್ಲ. ಕಾಗದವನ್ನು ಗಲ್ಲಾಪೆಟ್ಟಿಗೆಯೊಳಗಿಟ್ಟು, "ಇನ್ನೊಂದು ಬಿಸ್ಕಿಟ್ ತಗೋ" ಅಂದರು.

ನಾನು ಕಂಡದ್ದನ್ನು ಹೇಳಿದೆ, ಅಷ್ಟೇ. ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು.

ಜನವರಿ 20, ಗುರುವಾರ

ಹಗುರ ಉಳಿಯಲಿಲ್ಲ. ಮಾಮಾಗೆ ಇನ್ನೂ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ. ಅವರು ಕೇಳುತ್ತಿಲ್ಲ.

ಜನವರಿ 24, ಸೋಮವಾರ

ಸಾಹುಕಾರರ ಫೋನು ಬಂತು. ಆರು ಮರ ತಮ್ಮ ತಂದೆಯವು, ಕರಾರಿನ ಪ್ರಕಾರ ಅವುಗಳ ದುಡ್ಡು ತಮಗೆ ಬರಬೇಕು, ಬೇಕಾದರೆ ನಿಮ್ಮ ಹುಡುಗನನ್ನೇ ಕೇಳಿ ಅಂದರಂತೆ. ಫೆಬ್ರವರಿ ಹದಿಮೂರಕ್ಕೆ ತೋಟಕ್ಕೆ ಬರುತ್ತಾರಂತೆ. ಅವತ್ತೇ ಸಹಿ ಆಗಬೇಕು.

ಫೋನಿಟ್ಟು ಮಾಮಾ ನನ್ನ ಕಡೆ ನೋಡಿದರು.  ಬಾಯಿ ಬಿಟ್ಟವಳು ಅಕ್ಕ.

"ಬಂದ ನೋಡ್ರಿ ಸತ್ಯವಂತ! ಯಾರು ಕೇಳಿದ್ರೋ ನಿನ್ನ? ಆ ಮುದುಕರ ಅನ್ನದಾಗ ಮಣ್ಣು ಹಾಕಿ ಬಂದಿ. ನಿಮ್ಮ ಮಾಮಾಗ ಇನ್ನ ಯಾರು ಕೆಲಸಾ ಕೊಡತಾರ? ಎರಡೂ ಕಡೆದವರು ನಂಬಿದ್ರು."

"ನಾ ಸುಳ್ಳು ಹೇಳಿಲ್ಲಕ್ಕಾ."

"ಹೇಳಬ್ಯಾಡ. ಸುಮ್ಮನಿರಾಕ ಏನು ರೋಗ?"

ಮಾಮಾ ಲೆಕ್ಕ ಮಾಡಿದರು. ಎಲ್ಲ ಸೇರಿ ಎರಡು ಲಕ್ಷ ದಾಟುತ್ತಿತ್ತು. ಅದರಲ್ಲಿ ಆ ಆರು ಮರಗಳೇ ಹತ್ತಿರಹತ್ತಿರ ಅರ್ಧ. ಉಳಿದ ದುಡ್ಡಿನಲ್ಲಿ ಪಟಾನ್‌ಚೆರುವಿನಲ್ಲಿ ಮನೆ ಬರುವುದಿಲ್ಲ. ಗೋಡೆಯೂ ಬರುವುದಿಲ್ಲ.

ಜನವರಿ 25

ಏನೂ ಇಲ್ಲ. ಊಟ ಮಾಡಲಿಲ್ಲ. ಅಕ್ಕ ಎರಡು ಸಲ ಕರೆದಳು.

ಜನವರಿ 29, ಶನಿವಾರ

ತೋಟಕ್ಕೆ ಹೋದೆ. ಯಾರೂ ಕಳಿಸಿರಲಿಲ್ಲ. ಬಸ್ಸಿನಿಂದ ಇಳಿದು ಅಷ್ಟು ದೂರ ನಡೆಯುವಾಗ ನಾಲ್ಕು ಸಲ ತಿರುಗಿ ಬರೋಣ ಅನಿಸಿತು. ಸುಂದರಾಬಾಯಿ ಅಂಗಳ ಗುಡಿಸುತ್ತಿದ್ದರು. ನನ್ನನ್ನು ನೋಡಿಯೂ ಪೊರಕೆ ನಿಲ್ಲಿಸಲಿಲ್ಲ.

"ಯಾಕ ಬಂದಿ? ಇನ್ನೇನು ಹೇಳೋದು ಉಳಿದದ?"

"ಅವ್ವಾರ, ನಾ ಸುಳ್ಳು ಹೇಳಲಿಲ್ಲರಿ."

"ಖರೇನೂ ಹೇಳಲಿಲ್ಲ ನೀ!"

ಅಷ್ಟು ಹೇಳಿ ಥಟ್ಟನೆ ನಿಂತರು. ಬಾವಿ ಕಟ್ಟೆಯ ಮೇಲಿದ್ದ ಗಂಡನ ಬೆನ್ನು ನೋಡಿದರು. ಮತ್ತೆ ಗುಡಿಸತೊಡಗಿದರು, ಆಗಲೇ ಗುಡಿಸಿದ ಜಾಗವನ್ನೇ. "ಮನೀ ಮಾಲಕ ಮುಂಗಡ ಕೇಳಾಕತ್ಯಾನ. ಏನು ಹೇಳಲಿ? ಹುಡುಗ ಬಂದು ಅಳದು ಹೋದ, ನಮ್ಮ ಗಿಡ ನಮ್ಮವಲ್ಲ ಅಂದ ಅಂತ ಹೇಳಲೇನು? ನಡಿ ಇಲ್ಲಿಂದ."

ಹೊರಟೆ. ಆದರೆ ಅವರ ಮಾತು ಕಾಲಿಗೆ ಸಿಕ್ಕಿಕೊಂಡಿತ್ತು. ಖರೆಯೂ ಹೇಳಲಿಲ್ಲ ಎಂದರೆ ಏನು? ಬಾವಿಯನ್ನು ಬಳಸಿ ಹೋಗುವಾಗ ತಲೆ ಎತ್ತಿದೆ. ಮಾವು ಹೂಬಿಟ್ಟಿದೆ. ಆರೂ ಮರಗಳ ತಲೆ ತುಂಬ ತಿಳಿಹಳದಿ ಹೂ. ಆದರೆ ಮೂರನೆಯ ಮರದಲ್ಲಿ, ಕಾಂಡದಿಂದಲೇ ಹೊರಟ ಒಂದು ಸಣ್ಣ ಟೊಂಗೆಯಲ್ಲಿ ಹೂಗೊಂಚಲಿನ ದಂಟು ಕೆಂಪಗಿತ್ತು. ಎಲೆಯೂ ಬೇರೆ, ಕಿರಿದು.

ಒಂದೇ ಮರದಲ್ಲಿ ಎರಡು ಬಗೆಯ ಹೂ ಹೇಗೆ?

ಫೆಬ್ರವರಿ 2, ಬುಧವಾರ

ಇವತ್ತು ಏನು ನಡೆಯಿತೆಂದು ಕ್ರಮವಾಗಿ ಬರೆಯಬೇಕು.

ಪಕ್ಕದ ಕಟ್ಟಡದ ವಾಚ್‌ಮನ್‌ನನ್ನು ಕೇಳಿ ಬಿದಿರಿನ ಏಣಿ ತಂದೆ. ಸುಂದರಾಬಾಯಿ ಸಂತೆಗೆ ಹೋಗಿದ್ದರು. ಏಣಿಯನ್ನು ಮೂರನೆಯ ಮರಕ್ಕೆ ಆನಿಸಿ ಹತ್ತಿದೆ. ಎಂಟು ಅಡಿಯ ಮೇಲೆ ಕಾಂಡ ಒಮ್ಮೆಲೇ ಮುಗಿಯುತ್ತದೆ. ಅಲ್ಲಿಂದ ಐದು ದಪ್ಪ ಕೊಂಬೆಗಳು ಅಂಗೈಯಿಂದ ಬೆರಳು ಹೊರಟ ಹಾಗೆ ಹೊರಟಿವೆ. ಪ್ರತಿ ಕೊಂಬೆಯಲ್ಲೂ ಒಂದು ಗೇಣು ಮೇಲೆ ಉಬ್ಬಿದ ಗಂಟು. ಗಂಟಿನ ಕೆಳಗೆ ತೊಗಟೆ ಒರಟು, ಮೇಲೆ ನುಣುಪು. ನಾವು ಬುಡದಲ್ಲಿ ಹುಡುಕಿದ ಗಂಟು ತಲೆಯ ಮೇಲಿತ್ತು. ನಮ್ಮ ಟೇಪು ಸುತ್ತಿದ್ದು ಎದೆಮಟ್ಟದಲ್ಲಿ.

"ಇಳಿ ಕೆಳಗ."

ಬಂಡೆಪ್ಪನವರ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. ಇಳಿದೆ. ಏಣಿಯ ಕಾಲು ಹಿಡಿದುಕೊಂಡಿದ್ದರು, ಬೀಳದಿರಲಿ ಎಂದೋ, ಓಡದಿರಲಿ ಎಂದೋ ಗೊತ್ತಾಗಲಿಲ್ಲ.

"ನೋಡಿದಿ?"

"ನೋಡಿದೆ ಕಾಕಾ."

ಆಗ ಹೇಳಿದರು. ಅವರು ಬಂದಾಗ ಈ ಆರು ಮರ ಇದ್ದವು, ದೊಡ್ಡ ಸಾಹುಕಾರರು ನೆಟ್ಟ ಜವಾರಿ ಮಾವು. ಕಾಯಿ ಹುಳಿ, ನಾರು, ಕೇಳುವವರಿಲ್ಲ. ಎರಡು ವರ್ಷ ನೋಡಿ, ಮೂರನೆಯ ವರ್ಷ ಆರನ್ನೂ ಎಂಟು ಅಡಿಗೆ ಗರಗಸದಿಂದ ಕೊಯ್ದರು. ಚಿಗುರು ಬಂದ ಮೇಲೆ ಒಂದೊಂದಕ್ಕೂ ಹಿಮಾಯತ್ ಎಂಬ ಸಿಹಿ ಮಾವಿನ ಕಡ್ಡಿ ತಂದು ಕಲಮು ಕಟ್ಟಿದರು. ಯಾರನ್ನೂ ಕೇಳಲಿಲ್ಲ. ದೊಡ್ಡ ಸಾಹುಕಾರರು ಆಗ ಹಾಸಿಗೆ ಹಿಡಿದಿದ್ದರು, ಮಗ ಈ ಕಡೆ ಬರುತ್ತಿರಲಿಲ್ಲ.

"ಹಚ್ಚೀವಿ ಅಂದ್ರ ಸುಳ್ಳು ಆಗ್ತದ. ಇದ್ವು ಅಂದ್ರ ಗಿಡ ಅವರದು ಆಗ್ತದ. ಕಡದೆ ಅಂದ್ರ ಕಳ್ಳ ಆಗ್ತೀನಿ. ಅದಕ್ಕ ನಾ ಬಾಯಿ ಬಿಡಲಿಲ್ಲ" ಅಂದರು.

"ನಾ ಹೇಳತೀನ್ರಿ ಕಾಕಾ, ಸಾಹುಕಾರ್ರಿಗೆ..."

"ಏನ್ ಹೇಳ್ತಿ? ನಿನ್ನ ಕೇಳೀನೇನು?" ಏಣಿ ಬಿಟ್ಟು ಕಟ್ಟೆಯ ಕಡೆ ಹೊರಟರು. "ನನ್ನ ತಪ್ಪು. ಹೇಳೋದು ಬಿಡೋದು ನಂದು."

ಏಣಿ ಹಿಂದಿರುಗಿಸಿ ಬಂದೆ.

ಫೆಬ್ರವರಿ 4, ಶುಕ್ರವಾರ

ಹೇಳಲಿಲ್ಲ.

ಫೆಬ್ರವರಿ 8, ಮಂಗಳವಾರ

ಮಾಮಾ ಇವತ್ತು ಬಂಡೆಪ್ಪನವರ ಪಟ್ಟಿಯಿಂದ ಆರು ಮರಗಳ ಹೆಸರು ಹೊಡೆದುಹಾಕಿ ಹೊಸ ಕರಡು ಬರೆಯಲು ಕೂತರು. ಪೆನ್ನು ಎತ್ತುತ್ತಾರೆ, ಇಡುತ್ತಾರೆ. ನಾನು ಎದುರಿಗೇ ಕೂತಿದ್ದೆ. ಒಂದು ಮಾತು ಹೇಳಿದರೆ ಅವರು ಹೊಡೆಯುವುದನ್ನು ನಿಲ್ಲಿಸುತ್ತಿದ್ದರು. ಆ ಮಾತು ನನ್ನದಲ್ಲ.

"ಏನಾಗೇದ ನಿನಗ?" ಅಂದಳು ಅಕ್ಕ. "ನಾಲ್ಕು ದಿನದಿಂದ ಬಾಯಾಗ ಬೆಲ್ಲ ಇಟಗೊಂಡಾಂಗ ಕುಂತಿ. ಬೈದೆ ಅಂತ ಸಿಟ್ಟೇನು?"

ಇಲ್ಲ ಅಂದೆ. ಸಿಟ್ಟಲ್ಲ. ಬಾಯಲ್ಲಿ ಇರುವುದು ಬೆಲ್ಲವೂ ಅಲ್ಲ, ಬೆಂಕಿಯ ಕೆಂಡ. ಇನ್ನು ಐದು ದಿನ ಇದೆ. ಅಷ್ಟರಲ್ಲಿ ಅವರು ಹೇಳದಿದ್ದರೆ? ಹದಿಮೂರಕ್ಕೆ ಸಹಿಯಾಗಿಬಿಟ್ಟರೆ? ಆಮೇಲೆ ನಾನು ಹೇಳಿದರೂ ಏನು ಬಂತು? ಹೇಳದೆ ಉಳಿದರೆ ಅದು ಸುಳ್ಳೋ ಅಲ್ಲವೋ? ಶಾಲೆಯಲ್ಲಿ ಇಷ್ಟು ಕಷ್ಟವಿರಲಿಲ್ಲ. ಪ್ರಯೋಗಾಲಯ ಇರಲಿಲ್ಲ, ಇಲ್ಲ ಅಂದೆ.

ಪುಣೆಯ ಗೆಳೆಯ ಫೋನ್ ಮಾಡಿದ್ದ. ತೆಗೆಯಲಿಲ್ಲ. ತೋಟಕ್ಕೆ ಹೋಗುವ ಬಸ್ಸು ಬಂದಿತ್ತು.

ಹೋಗಿ ಬಂಡೆಪ್ಪನವರ ಹತ್ತಿರ ಕಟ್ಟೆಯ ಮೇಲೆ ಸುಮ್ಮನೆ ಕೂತು ಬಂದೆ.  ಅವರು ಹೋಗು ಅನ್ನಲಿಲ್ಲ.

ಫೆಬ್ರವರಿ 11, ಶುಕ್ರವಾರ

ಸುಂದರಾಬಾಯಿ ಲಿಂಗಂಪಲ್ಲಿಗೆ, ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮಾಮಾನನ್ನು ನೋಡಿ, "ನಿಮ್ಮ ಹುಡುಗ ನಿಮಗೇನಾದ್ರೂ ಹೇಳ್ಯಾನೇನ್ರಿ?" ಎಂದು ಕೇಳಿದರು.

"ಏನೂ ಹೇಳಿಲ್ಲಲ್ರಿ ಬಾಯಾರ. ಯಾಕ?"

ಅವರು ನನ್ನ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ನೆಲದ ಮೇಲೆ ಕೂತು ಎಲ್ಲವನ್ನೂ ತಾವೇ ಹೇಳಿದರು. ಗರಗಸ, ಕಡ್ಡಿ, ಕಲಮು, ಎಲ್ಲ. "ನಮ್ಮವರಿಗೆ ಹೇಳಿ ಬಂದೀನಿ. ಸುಮ್ಮನಿದ್ದರೂ ಗಿಡ ಹೋಗ್ತದ, ಹೇಳಿದರೂ ಹೋಗ್ತದ, ಹೇಳೇ ಹೋಗಲಿ ಅಂದೆ. ಆತು ಅಂದ್ರು."

ಅಕ್ಕ ಅವರಿಗೆ ಚಹಾ ಕೊಟ್ಟಳು. ನನಗೂ ಕೊಟ್ಟಳು. ಹೋದ ತಿಂಗಳಿನಿಂದ ನನ್ನ ಕಪ್ಪನ್ನು ಕಟ್ಟೆಯ ಮೇಲೇ ಇಟ್ಟು ಹೋಗುತ್ತಿದ್ದಳು, ಇವತ್ತು ಕೈಗೆ ಕೊಟ್ಟಳು.

ಫೆಬ್ರವರಿ 13, ಭಾನುವಾರ

ಸಾಹುಕಾರರು ಮಾರುತಿ ವ್ಯಾನಿನಲ್ಲಿ ಬಂದರು. ಇಳಿಯುತ್ತಲೇ ನನ್ನ ಬೆನ್ನು ತಟ್ಟಿ, "ಏನಪಾ, ನಮ್ಮ ಸಾಕ್ಷೀದಾರ!" ಅಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಬಂಡೆಪ್ಪ ಕಟ್ಟೆಯಿಂದ ಎದ್ದು ಬಂದು ಅವರ ಎದುರಿಗೆ ನಿಂತರು. "ಸಾಹುಕಾರ್ರ, ಗಿಡ ನಿಮ್ಮಪ್ಪಾರದು. ಖರೆ. ನಾನು ಅವನ್ನ ಕೊಯ್ದು ಕಲಮು ಕಟ್ಟೀನಿ."

ಸಾಹುಕಾರರ ಮುಖ ಕೆಂಪಾಯಿತು. "ನಮ್ಮಪ್ಪ ಹಚ್ಚಿದ ಗಿಡಕ್ಕ ಗರಗಸ ಹಾಕಿದ್ಯಾ? ಯಾರನ್ನ ಕೇಳಿ?"

"ಕೇಳಲಿಲ್ಲ."

"ಕೊಯ್ದ ಕಟ್ಟಿಗಿ ಏನು ಮಾಡಿದಿ?"

"ಮಾರಿ ಈ ಬಾವಿ ಕಟ್ಟಿಸಿದೆ. ಬಾವಿ ನಿಮ್ಮ ನೆಲದಾಗ ಐತಿ, ಒಯ್ಯೋದಿಲ್ಲ ನಾ."

ಮಾಮಾ ಕೆಮ್ಮಿದರು. ನಗು ಇರಬೇಕು. ಸಾಹುಕಾರರಿಗೆ ನಗು ಬರಲಿಲ್ಲ. ಅವರು ಮರದ ತಲೆ ನೋಡುತ್ತಿದ್ದರು.

"ನಿಮ್ಮಪ್ಪಾರ ಗಿಡದ ಹಣ್ಣು ಹೆಂಗಿದ್ವು, ನೆನಪೈತೇನ್ರಿ?" ಅಂದರು ಬಂಡೆಪ್ಪ.

"ಹುಳಿ. ಸಣ್ಣಾಂವಿದ್ದಾಗ ತಿಂದು ಹಲ್ಲು ಚಳಿತಿದ್ವು. ನಮ್ಮವ್ವ ಉಪ್ಪಿನಕಾಯಿಗೂ ಒಲ್ಲೆ ಅಂತಿದ್ಳು."

"ಬ್ಯಾಸಗಿಗೊಮ್ಮೆ ನಿಮ್ಮ ಮನೀಗೆ ಒಂದು ಬುಟ್ಟಿ ಕಳಿಸತೀನಲ್ಲ, ಅವು?"

 ಸುಂದರಾಬಾಯಿ ನಡುವೆ ಬಾಯಿ ಹಾಕಿದರು: "ಅವೂ ಈ ಗಿಡದ್ವರಿ. ಬ್ಯಾರೆ ಎಲ್ಲಿಂದ ತರೋಣು? ಹಿಮಾಯತ್ ಕೊಂಡು ಕಳಿಸೋ ಶ್ರೀಮಂತರೇನು ನಾವು?"

"ಹಣ್ಣು ಛಲೋ ಇದ್ವು, ಅದಕ್ಕ ನಮ್ಮಪ್ಪನ ಗಿಡ ಎಲ್ಲಾ ಹೋಗ್ಯಾವ, ಇವು ಹೊಸಾವು ಅಂತ ತಿಳಕೊಂಡಿದ್ದೆ" ಅಂದರು ಸಾಹುಕಾರರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಕಡೆ ತಿರುಗಿದರು. "ಏ ಅಳತಿಗಾರ. ನೀ ಸುಳ್ಳು ಹೇಳದಾಂವ. ಎಲ್ಲಾರ ಮುಂದ ಹೇಳು. ಈ ಗಿಡ ಯಾರದು?"

ಎಲ್ಲರೂ ನನ್ನನ್ನೇ ನೋಡಿದರು. 

"ನನಗ ಗೊತ್ತಿಲ್ಲರಿ" ಅಂದೆ. "ಎಂಟು ಅಡಿತನಾ ನಿಮ್ಮದು. ಅದರ ಮ್ಯಾಲ ಕಾಕಾರದು. ಅಷ್ಟು ನೋಡೀನಿ. ಪೂರಾ ಗಿಡ ಯಾರದು ಅಂತ ಗೊತ್ತಿಲ್ಲ."

"ಅವತ್ತು ಚಹಾ ಕುಡದು ಭಾಳ ಗೊತ್ತಿದ್ದಂಗ ಮಾತಾಡಿದಿ?"

"ಅವತ್ತು ಮ್ಯಾಲ ಹತ್ತಿದ್ದಿಲ್ಲರಿ."

ಸಾಹುಕಾರರು ಹುಂ ಅಂದರು. ಏಣಿ ತರಲು ಹೇಳಿದರು. ಅಷ್ಟು ದುಂಡಗಿನ ಮನುಷ್ಯ, ಎರಡು ಕಡೆ ನಾನೂ ಬಂಡೆಪ್ಪನವರೂ ಹಿಡಿದ ಏಣಿಯನ್ನು ಏದುಸಿರು ಬಿಡುತ್ತ ಹತ್ತಿದರು. ಮೇಲೆ ನಿಂತು ಆ ಗಂಟುಗಳ ಮೇಲೆ ಒಂದೊಂದಾಗಿ ಕೈ ಆಡಿಸಿದರು. ಇಳಿದ ಮೇಲೆ ಅಂಗೈಯ ಧೂಳು ಒರೆಸಿಕೊಳ್ಳುತ್ತ ಮತ್ತೆ ವ್ಯಾಪಾರಿಯಾದರು.

"ಈ ಆರರ ಕಟ್ಟಿಗಿ ಎಲ್ಲಾ ನನಗ. ಹಣ್ಣಿನ ಬೆಲಿಯಾಗ ಮೂರರಾಗ ಒಂದು ಪಾಲು ನನಗ, ಬೇರು ನಮ್ಮಪ್ಪಂದು. ಎರಡು ಪಾಲು ನಿನಗ. ಒಪ್ಪತಿ?"

"ಸಾಹುಕಾರ್ರ, ಕಟ್ಟಿಗಿಯಾಗ ಸ್ವಲ್ಪ..." ಎಂದು ಸುಂದರಾಬಾಯಿ ಶುರು ಮಾಡಿದರು. ಬಂಡೆಪ್ಪ ಕೈ ಎತ್ತಿ ತಡೆದರು. "ಒಪ್ಪಿದೆ."

ಮಾಮಾ ಬಾವಿ ಕಟ್ಟೆಯ ಮೇಲೆ ಕೂತು ಎರಡು ಕಾಲಮು ಹಾಕಿ ಬರೆದರು, ಕಟ್ಟಿಗೆ ಬೇರೆ, ಹಣ್ಣು ಬೇರೆ. ವಯಸ್ಸಿನ ಮುಂದೆ ಏನು ಬರೆಯಲಿ ಎಂದು ನನ್ನನ್ನು ಕೇಳಿದರು. ಕಾಂಡಕ್ಕೊಂದು, ತಲೆಗೊಂದು ಬರೆಯೋಣ ಅಂದೆ. ಹಾಗೆಯೇ ಬರೆದರು.

ಫೆಬ್ರವರಿ 21, ಸೋಮವಾರ

ಬಂಡೆಪ್ಪನವರ ಪಾಲಿಗೆ ಒಟ್ಟು ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ. ಎರಡು ಕೋಣೆಯ ಮನೆ ಕೈತಪ್ಪಿತು. ಅದರ ಮಾಲೀಕ ಬೇರೆಯವರಿಗೆ ಕೊಟ್ಟುಬಿಟ್ಟ. ಅದೇ ಗಲ್ಲಿಯ ಕೊನೆಯಲ್ಲಿ ಒಂದು ಕೋಣೆಯದು ಸಿಗುತ್ತದಂತೆ. ಅದರ ಬಾಗಿಲು ರಸ್ತೆಗಿಲ್ಲ.

ಮಾಮಾ ಈ ಸುದ್ದಿ ಹೇಳಿ ಸ್ನಾನಕ್ಕೆ ಹೋದರು. ನಾನು ಸ್ವಲ್ಪ ಹೊತ್ತು ಟೇಪನ್ನು ಬಿಚ್ಚಿ ಸುತ್ತುತ್ತ ಕೂತೆ. ಮೊದಲ ಅಂದಾಜಿಗೆ ಸಹಿಯಾಗಿದ್ದರೆ ಇವತ್ತು ಅವರು ಹಣ್ಣಿನ ಅಂಗಡಿಗೆ ತಕ್ಕಡಿ ಕೊಳ್ಳುತ್ತಿದ್ದರು. 

ಮಾರ್ಚ್ 5, ಶನಿವಾರ

ಉಪ್ಪಲ್ ಕಡೆ ಹುಣಸೆಮರಗಳ ಕೆಲಸ ಬಂದಿದೆ. ಗುರುಸಿದ್ದಪ್ಪ ಸಾಹುಕಾರರೇ ಮಾಮಾನ ಹೆಸರು ಹೇಳಿದರಂತೆ. "ಹುಡುಗನ್ನೂ ಕರಕೊಂಡು ಹೋಗು, ಆದ್ರ ಮೊದಲ ಗಿಡ ಹತ್ತಿಸಿ ಆಮ್ಯಾಲ ಮಾತಾಡಸು" ಅಂದರಂತೆ. ಅಕ್ಕ ಇದನ್ನು ಪಕ್ಕದ ಮನೆಯವರಿಗೂ ಹೇಳಿ ನಕ್ಕಳು. ಹನ್ನೊಂದು ಮರ. ಹುಣಸೆಯ ಫಸಲಿನ ಲೆಕ್ಕ ನನಗೆ ಗೊತ್ತಿಲ್ಲ, ಮಾಮಾನ ಹಳೆಯ ಪುಸ್ತಕ ತೆಗೆದು ನೋಡುತ್ತಿದ್ದೇನೆ.

ಮಾರ್ಚ್ 27, ಭಾನುವಾರ

ಬಂಡೆಪ್ಪನವರ ಮನೆ ಸಾಮಾನು ಸಾಗಿಸಲು ಹೋಗಿದ್ದೆ. ತೋಟದಲ್ಲಿ ಕಾಯಿ ನಿಂಬೆಯಷ್ಟಾಗಿವೆ. ಮುಂದಿನ ವಾರ ಮರ ಕಡಿಯುತ್ತಾರೆ. ಸುಂದರಾಬಾಯಿ ಒಂದು ಸಲವೂ ಆ ಕಡೆ ನೋಡಲಿಲ್ಲ. ಟೆಂಪೋದಲ್ಲಿ ಪಾತ್ರೆ, ಹಾಸಿಗೆ, ಎರಡು ಟ್ರಂಕು, ಒಂದು ಕಬ್ಬಿಣದ ಬೀರು.

ಪಟಾನ್‌ಚೆರುವಿನ ಕೋಣೆ ನಾನು ಎಣಿಸಿದ್ದಕ್ಕಿಂತ ಸಣ್ಣದು. ಬೀರುವನ್ನು ಬಾಗಿಲ ಮುಂದೆ ಇಳಿಸಿದೆವು. ಟೆಂಪೋದವನು ನೋಡಿ, "ಅಯ್ಯೋ, ಪಟ್ಟದು" ಎಂದು, ಹಿಡಿಯುವುದಿಲ್ಲವೆಂದು ತೆಲುಗಿನಲ್ಲಿ ಹೇಳಿ, ಬಾಡಿಗೆ ತೆಗೆದುಕೊಂಡು ಹೋದ. ಸುಂದರಾಬಾಯಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

"ನೀ ಅವತ್ತು ಬಾಯಿ ಮುಚ್ಚಿಕೊಂಡಿದ್ರ ಎರಡು ಖೋಲಿ ಆಗತಿದ್ವು. ಈ ಬೀರುಕ್ಕ ಒಂದು ಖೋಲಿ, ನಮಗೊಂದು."

"ಹೌದ್ರಿ" ಅಂದೆ. ಹೌದು, ಅದು ನಿಜ.

"ಈಗ ಹೇಳು ಅಳತಿಗಾರ, ಈ ಬಾಗಿಲದಾಗ ಹಿಡೀತದೋ ಇಲ್ಲೋ?"

ನೋಡಿದರೆ ಹಿಡಿಯುವ ಹಾಗೆ ಇರಲಿಲ್ಲ. "ತಡೀರಿ ಅವ್ವಾರ" ಎಂದು ಟೇಪು ತೆಗೆದೆ. ಬಾಗಿಲು ಅಳೆದೆ. ಬೀರುವನ್ನು ನಿಲ್ಲಿಸಿ ಅಳೆದೆ, ಅಡ್ಡ ಮಲಗಿಸಿ ಅಳೆದೆ. ಬಂಡೆಪ್ಪ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದರು. "ಅವನ ಅಳತಿ ಮುಗಿಯೋದ್ರಾಗ ನಮ್ಮ ಆಯುಷ್ಯ ಮುಗೀತದ" ಅಂದರು ಸುಂದರಾಬಾಯಿ. ಕೊನೆಗೆ ಬಾಗಿಲಿನ ಹಲಗೆ ಕಳಚಿ, ಬೀರುವಿನ ಕಾಲು ಬಿಚ್ಚಿ, ಓರೆ ಮಾಡಿ ಮೂವರೂ ನೂಕಿದೆವು. ಎರಡೂ ಕಡೆ ಒಂದೊಂದು ಬೆರಳು ಜಾಗ ಉಳಿಯಿತು.

ಬೀರು ಒಳಗೆ ಹೋಯಿತು. ಆಮೇಲೆ ಟ್ರಂಕು, ಹಾಸಿಗೆ, ಒಲೆ. ಎಲ್ಲ ಇಟ್ಟ ಮೇಲೆ ಒಳಗೆ ಇಬ್ಬರು ನಿಲ್ಲುವಷ್ಟು ಜಾಗ ಇತ್ತು. ಅವರಿಬ್ಬರೂ ನಿಂತಿದ್ದರು. ನಾನು ಹೊರಗೆ ಬಂದು, ಕಳಚಿದ ಬಾಗಿಲನ್ನು ಮತ್ತೆ ಕೂಡಿಸತೊಡಗಿದೆ.